ಸ್ವಾರಸ್ಯ ಎಲ್ಲಿ ಅಡಗಿದೆ?

ಉಪಮೆ, ರೂಪಕಗಳ ಲಕ್ಷಣವನ್ನು ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಕಥೆಗಾರ ಅವನ್ನು ಅಲ್ಲಿಯೇ ಏಕೆ ಬಳಸಿದ ಎಂದು ಕೇಳಿದರೆ ಕಥೆಯೇ ಕೈಗೆ ಬರುತ್ತದೆ.

ಕನ್ನಡ ಪ್ರಶ್ನೆಪತ್ರಿಕೆಯ ಪರಿಚಯವಿದ್ದ ಯಾರಿಗೂ ಈ ಪ್ರಶ್ನೆ ಹೊಸದಲ್ಲ: ‘ಸಂದರ್ಭದೊಂದಿಗೆ ಸ್ವಾರಸ್ಯವನ್ನು ವಿವರಿಸಿ.’ ಇದಕ್ಕೆ ಉತ್ತರ ಬರೆಯಲು ವಿದ್ಯಾರ್ಥಿಗಳ ಬಳಿ ಒಂದು ಸಿದ್ಧ ಅಚ್ಚು ಇರುತ್ತದೆ. ಮೊದಲು ಆಯ್ಕೆ: ಯಾವ ಕವಿ, ಯಾವ ಕೃತಿ. ಆಮೇಲೆ ಸಂದರ್ಭ: ಯಾರು, ಯಾರಿಗೆ, ಯಾವಾಗ ಹೇಳಿದರು. ಕೊನೆಯಲ್ಲಿ ಸ್ವಾರಸ್ಯ. ಮೊದಲೆರಡನ್ನು ಸರಸರನೆ ಬರೆದ ಲೇಖನಿ ಮೂರನೆಯದರ ಹತ್ತಿರ ಬಂದು ಕೆಸರು ಕಂಡ ಎಮ್ಮೆಯಂತೆ ನಿಂತುಬಿಡುತ್ತದೆ. ‘ಕವಿ ಇಲ್ಲಿ ಬಹಳ ಸ್ವಾರಸ್ಯಕರವಾಗಿ ವರ್ಣಿಸಿದ್ದಾನೆ’ ಎಂಬ ವಾಕ್ಯದೊಂದಿಗೆ ಉತ್ತರ ಮುಗಿಯುತ್ತದೆ. ಪ್ರಶ್ನೆಯನ್ನೇ ಉತ್ತರವೆಂದು ತಿರುಗಿಸಿ ಕೊಟ್ಟ ಹಾಗಾಯಿತು.

ಅದೇ ವಿದ್ಯಾರ್ಥಿಯನ್ನು ಉಪಮಾಲಂಕಾರದ ಲಕ್ಷಣ ಕೇಳಿ. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಸಿನಿಮಾದ ಫ್ಲ್ಯಾಶ್‌ಬ್ಯಾಕ್ ಎಂದರೇನೆಂದು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಹೆಸರುಗಳೆಲ್ಲ ಗೊತ್ತು; ಅವು ಅಲ್ಲಿ ಏಕೆ ಬಂದವು ಎಂಬುದು ಗೊತ್ತಿಲ್ಲ. ಉಳಿ, ಬಾಚಿ, ಗರಗಸಗಳ ಹೆಸರನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಯಾರೂ ಬಡಗಿಯಾಗುವುದಿಲ್ಲ. ಯಾವ ಕೆಲಸಕ್ಕೆ ಯಾವುದನ್ನು ಎತ್ತಿಕೊಳ್ಳಬೇಕು ಎಂದು ತಿಳಿದಿರಬೇಕು.

ಕಥೆ ಹೇಳುವವರ ತಂತ್ರಗಳೂ ಹೀಗೆಯೇ. ಪ್ರತಿಯೊಂದು ತಂತ್ರದ ಹಿಂದೆಯೂ ಕಥೆಗಾರನಿಗೆ ಎದುರಾದ ಒಂದು ತೊಡಕು ಇರುತ್ತದೆ. ಕೇಳುವವರಿಗೆ ಯಾವುದನ್ನು ಮೊದಲು ತಿಳಿಸಬೇಕು? ಯಾವುದನ್ನು ತಡೆದಿಡಬೇಕು? ಯಾರ ಬಾಯಿಂದ ಹೇಳಿಸಬೇಕು? ಎಲ್ಲಿ ನಿಲ್ಲಿಸಬೇಕು? ಆ ತೊಡಕಿಗೆ ಅವನು ಕಂಡುಕೊಂಡ ದಾರಿಯೇ ತಂತ್ರ. ತೊಡಕನ್ನು ಪತ್ತೆಹಚ್ಚಿದರೆ ಸ್ವಾರಸ್ಯ ತಾನಾಗಿ ಸಿಗುತ್ತದೆ. ನಮ್ಮವೇ ಆದ ಕೆಲವು ಕೃತಿಗಳನ್ನು ಕೈಗೆತ್ತಿಕೊಂಡು ಇದನ್ನು ಪರೀಕ್ಷಿಸಬಹುದು.

ಓದದವರಿಗೂ ಗೊತ್ತಿದ್ದ ವಿದ್ಯೆ

ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ಕಥೆಯ ಪುಸ್ತಕವಲ್ಲ. ಕಾವ್ಯ ಹೇಗಿರಬೇಕೆಂದು ಹೇಳುವ ಪುಸ್ತಕ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ಮೂರು ಪರಿಚ್ಛೇದಗಳಲ್ಲಿ ಕಾವ್ಯದ ದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳನ್ನು ಚರ್ಚಿಸುತ್ತದೆ. ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ವನ್ನು ಅದು ಬಹುಮಟ್ಟಿಗೆ ಅನುಸರಿಸಿದರೂ, ಈ ನಾಡಿನ ಜನರ ಬಗ್ಗೆ ಅದರಲ್ಲಿರುವ ಮಾತು ಎರವಲು ತಂದದ್ದಲ್ಲ. ಇಲ್ಲಿಯವರು ಕುಳಿತು ಓದದೆಯೂ ಕಾವ್ಯ ಕಟ್ಟುವುದರಲ್ಲಿ ಪಳಗಿದವರು ಎಂದು ಅದು ಹೊಗಳುತ್ತದೆ. ಅಂದರೆ ಅಲಂಕಾರ ಮೊದಲು ಹುಟ್ಟಿದ್ದು ಜನರ ನಾಲಿಗೆಯ ಮೇಲೆ. ಶಾಸ್ತ್ರ ಅದಕ್ಕೆ ಹೆಸರಿಟ್ಟದ್ದು ಆಮೇಲೆ.

ಇದಕ್ಕೆ ಸಾಕ್ಷಿ ಪ್ರತಿ ಮನೆಯಲ್ಲೂ ಸಿಗುತ್ತದೆ. ಸಂಜೆ ಮಕ್ಕಳು ಓದುವುದನ್ನು ಬಿಟ್ಟು ಗಲಾಟೆ ಮಾಡುತ್ತಿದ್ದಾರೆ ಎಂದುಕೊಳ್ಳಿ. ಗೇಟಿನ ಸದ್ದಾಗುತ್ತದೆ. ಮರುದಿನ ಶಾಲೆಯಲ್ಲಿ ಹುಡುಗ ಗೆಳೆಯನಿಗೆ ‘ಅಪ್ಪ ಹುಲಿಯಂತೆ ಬಂದರು’ ಎಂದು ವರದಿ ಮಾಡಿದರೆ ಅದು ಉಪಮೆ. ‘ನಮ್ಮಪ್ಪ ಹುಲಿ ಕಣೋ’ ಎಂದರೆ ರೂಪಕ. ಆದರೆ ಸದ್ದಾದ ಕ್ಷಣದಲ್ಲಿ ಅವನು ತಂಗಿಯ ಕಿವಿಯಲ್ಲಿ ಉಸುರುವುದು ‘ಹುಲಿ ಬಂತು!’ ಎಂದಷ್ಟೇ. ಅಪ್ಪನ ಹೆಸರೇ ಇಲ್ಲ. ಅಲಂಕಾರಶಾಸ್ತ್ರ ಇದನ್ನು ಅತಿಶಯೋಕ್ತಿಯ ಒಂದು ಬಗೆ ಎನ್ನುತ್ತದೆ.

ಮೂರರಲ್ಲಿ ಯಾವುದು ಹೆಚ್ಚು ಚೆನ್ನಾಗಿದೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಗೆಳೆಯನಿಗೆ ಅಪ್ಪನ ಪರಿಚಯವಿಲ್ಲ. ಆದ್ದರಿಂದ ‘ಅಂತೆ’ ಎಂಬ ಸೇತುವೆ ಬೇಕು. ತಂಗಿಗೆ ಎಲ್ಲ ಗೊತ್ತು; ಅಲ್ಲಿ ಸೇತುವೆ ಕಟ್ಟುತ್ತ ಕುಳಿತರೆ ಅಷ್ಟರಲ್ಲಿ ಅಪ್ಪ ಒಳಗೆ ಬಂದುಬಿಡುತ್ತಾರೆ. ಕೇಳುವವರು ಯಾರು, ಅವರಿಗೆ ಎಷ್ಟು ಗೊತ್ತು, ಎಷ್ಟು ಸಮಯವಿದೆ ಎಂಬುದು ಅಲಂಕಾರವನ್ನು ಆರಿಸುತ್ತದೆ. ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದೂ ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದೂ ಕನ್ನಡಿಗರು ಕರೆದಿದ್ದಾರೆ. ಇವು ಬರಿಯ ಬಿರುದುಗಳಲ್ಲ. ಇಬ್ಬರೂ ಕೇಳುಗರೊಡನೆ ಬೇರೆ ಬೇರೆ ರೀತಿಯಲ್ಲಿ ಮಾತಾಡಿದರು ಎಂಬುದರ ಗುರುತು.

ಹೇಳದೆಯೇ ಹೇಳುವ ಜಾಣ್ಮೆಯೂ ಮನೆಮಾತಿನಲ್ಲಿದೆ. ರಾತ್ರಿ ಹತ್ತಾದರೂ ಏಳದ ಅತಿಥಿಯ ಎದುರು ಮನೆಯಾತ ಗಡಿಯಾರ ನೋಡಿ ‘ನಿಮ್ಮ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ?’ ಎಂದು ಕೇಳುತ್ತಾನೆ. ಮಾತಿನ ಅರ್ಥ ಬಸ್ಸಿನ ಸಮಯ. ಹೊರಡುವ ಅರ್ಥ ‘ಇನ್ನು ಏಳಿ’. ಕವಿರಾಜಮಾರ್ಗ ಹುಟ್ಟಿದ ಶತಮಾನದಲ್ಲಿಯೇ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ವನ್ನು ಬರೆದು, ಹೀಗೆ ಹೊರಡುವ ಎರಡನೆಯ ಅರ್ಥವನ್ನು ಧ್ವನಿ ಎಂದು ಕರೆದು ಅದೇ ಕಾವ್ಯದ ಆತ್ಮ ಎಂದ. ಮನೆಯಾತನಿಗೆ ಇದ್ದ ತೊಡಕು ಸ್ಪಷ್ಟ: ಹೇಳಲೇಬೇಕು, ಹೇಳಿದರೆ ನೋವಾಗುತ್ತದೆ. ಕವಿಗಳಿಗೂ ಅನೇಕ ಸಲ ಇದೇ ತೊಡಕು.

ಸಿಂಹ ಹಿಂತಿರುಗಿ ನೋಡಿದಾಗ

ಒಂದು ಮಾತು ಅಥವಾ ಒಂದು ಹೋಲಿಕೆಯಲ್ಲಿ ಕಾಣುವ ಈ ಜಾಣ್ಮೆಯೇ ಇಡೀ ಕಥೆಯ ಕಟ್ಟಡದಲ್ಲೂ ಕೆಲಸ ಮಾಡುತ್ತದೆ. ಫ್ಲ್ಯಾಶ್‌ಬ್ಯಾಕ್ ಎಂಬುದು ಸಿನಿಮಾದವರ ಆವಿಷ್ಕಾರವೆಂದು ಅನೇಕ ಮಕ್ಕಳು ತಿಳಿದಿರುತ್ತಾರೆ. ಕನ್ನಡದಲ್ಲಿ ಅದಕ್ಕೆ ಸಾವಿರ ವರ್ಷ ಹಳೆಯ ಹೆಸರಿದೆ: ಸಿಂಹಾವಲೋಕನ. ಕಾಡಿನಲ್ಲಿ ನಡೆಯುವ ಸಿಂಹ ನಡುನಡುವೆ ಕತ್ತು ತಿರುಗಿಸಿ ತಾನು ಬಂದ ದಾರಿಯನ್ನು ನೋಡುತ್ತದಂತೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಾಳಿದ ಮುಧೋಳದ ಕವಿ ರನ್ನ, ತನ್ನ ‘ಸಾಹಸಭೀಮ ವಿಜಯ’ದಲ್ಲಿ ಭಾರತದ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಅಡಗಿಸಿಟ್ಟಿರುವುದಾಗಿ ತಾನೇ ಹೇಳಿಕೊಂಡಿದ್ದಾನೆ. ‘ಗದಾಯುದ್ಧ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಕಾವ್ಯ ಇದೇ.

ರನ್ನನಿಗೆ ಏನು ತೊಡಕಿತ್ತು? ಅವನಿಗಿಂತ ಮೊದಲೇ, 941ರಲ್ಲಿ, ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಹದಿನಾಲ್ಕು ಆಶ್ವಾಸಗಳಲ್ಲಿ ಇಡೀ ಭಾರತವನ್ನು ಹೇಳಿ ಮುಗಿಸಿದ್ದ. ಮತ್ತೆ ಮೊದಲಿನಿಂದ ಹೇಳಿದರೆ ಹೇಳಿದ್ದನ್ನೇ ಹೇಳಿದಂತೆ. ರನ್ನ ಪಂಪನ ಹದಿಮೂರನೆಯ ಆಶ್ವಾಸದಲ್ಲಿ ಬರುವ ಒಂದು ಘಟನೆಯನ್ನು, ಭೀಮ ದುರ್ಯೋಧನರ ಗದಾಯುದ್ಧವನ್ನು, ಎತ್ತಿಕೊಂಡು ಅದನ್ನೇ ಹತ್ತು ಆಶ್ವಾಸಗಳಿಗೆ ಬೆಳೆಸಿದ. ಯುದ್ಧ ಮುಗಿಯುತ್ತ ಬಂದಿರುವಾಗ ಕಥೆ ಶುರುವಾಗುತ್ತದೆ. ಉಳಿದ ಭಾರತವೆಲ್ಲ ಪಾತ್ರಗಳ ನೆನಪಾಗಿ ಬರುತ್ತದೆ.

ನೆನಪಾಗಿ ಬಂದದ್ದರಿಂದ ಆದ ವ್ಯತ್ಯಾಸವನ್ನು ನೋಡಬೇಕಾದರೆ ದುರ್ಯೋಧನನ ಹಿಂದೆ ರಣರಂಗದಲ್ಲಿ ನಡೆಯಬೇಕು. ಭೀಷ್ಮನನ್ನು ಕಾಣಲು ಅವನು ಸಂಜಯನ ಜೊತೆ ಹೆಣಗಳ ನಡುವೆ ಹೋಗುತ್ತಾನೆ. ಕಾಲಿಗೆ ಸಿಗುವ ಒಂದೊಂದು ಶವವೂ ಹಿಂದಿನ ಒಂದೊಂದು ಅಧ್ಯಾಯವನ್ನು ತೆರೆಯುತ್ತದೆ. ದ್ರೋಣ, ಮಗ ಲಕ್ಷಣಕುಮಾರ, ಶತ್ರುಪಕ್ಷದ ಬಾಲಕ ಅಭಿಮನ್ಯು. ಅಭಿಮನ್ಯುವಿನ ಎದುರು ಅವನು ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ತಮ್ಮ ದುಶ್ಶಾಸನನ ಹೆಣದ ಬಳಿ ಅವನಿಗೆ ನೆನಪಾಗುವುದು ರಾಜ್ಯವಲ್ಲ, ಬಾಲ್ಯ. ತಾಯಿಯ ಹಾಲನ್ನು ಕುಡಿಯುವುದರಿಂದ ಹಿಡಿದು ಪ್ರತಿಯೊಂದರಲ್ಲೂ ಅಣ್ಣ ಮೊದಲು, ತಮ್ಮ ಆಮೇಲೆ. ಸಾವಿನಲ್ಲಿ ಮಾತ್ರ ತಮ್ಮ ಮುಂದೆ ಹೋಗಿಬಿಟ್ಟ.

ಕರ್ಣನ ಮುಂದೆ ನಿಂತಾಗ ರನ್ನ ಇನ್ನೊಂದು ತಂತ್ರವನ್ನು ಹೊರತೆಗೆಯುತ್ತಾನೆ. ಕರ್ಣ ಕುಂತಿಯ ಮಗನೆಂಬುದನ್ನು ಬಲ್ಲವರನ್ನು ದುರ್ಯೋಧನ ಎಣಿಸುತ್ತಾನೆ. ಆ ಪಟ್ಟಿಯಲ್ಲಿ ಅವನು ತನ್ನನ್ನೂ ಸೇರಿಸಿಕೊಳ್ಳುತ್ತಾನೆ! ಅಂದರೆ ಗೆಳೆಯ ಶತ್ರುಗಳ ಅಣ್ಣನೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ನಂಬಿದ್ದ. ಇಷ್ಟು ದೊಡ್ಡ ವಿಷಯವನ್ನು ಕವಿ ಕರ್ಣ ಸತ್ತು ಬೀಳುವವರೆಗೆ ದುರ್ಯೋಧನನ ಬಾಯಿಂದ ಹೊರಡಿಸದೆ ತಡೆದಿಟ್ಟಿದ್ದಾನೆ. ಮೊದಲೇ ಹೇಳಿದ್ದರೆ ಅದು ಒಂದು ಸುದ್ದಿಯಾಗುತ್ತಿತ್ತು. ಹೆಣದ ಮುಂದೆ ಹೇಳಿದ್ದರಿಂದ ಅದು ಸ್ನೇಹಕ್ಕೆ ಸಾಕ್ಷಿಯಾಯಿತು.

ಕಾವ್ಯದ ಹೆಸರಿನಲ್ಲಿ ಇರುವುದು ಭೀಮನ ವಿಜಯ. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ರನ್ನ ಬರೆದದ್ದು. ಆದರೆ ಆ ರಣರಂಗದಲ್ಲಿ ಓದುಗ ಹೆಜ್ಜೆ ಹಾಕಿದ್ದು ದುರ್ಯೋಧನನ ಜೊತೆ. ಯಾರ ಜೊತೆ ನಡೆಯುತ್ತೇವೋ ಅವರ ನೋವು ನಮಗೆ ತಗಲುತ್ತದೆ. ಸರೋವರದ ತಣ್ಣೀರಿನಲ್ಲಿ ಅಡಗಿದ್ದವನಿಗೆ ಭೀಮನ ಗರ್ಜನೆ ಕೇಳಿ ಬೆವರು ಒಡೆಯುವ ಸನ್ನಿವೇಶವನ್ನು ಓದುವಾಗ, ಗೆದ್ದವನ ಉತ್ಸಾಹವೂ ಸೋಲುವವನ ಸಂಕಟವೂ ಒಟ್ಟಿಗೆ ತಟ್ಟುತ್ತವೆ. ನೀರಿನಲ್ಲಿ ಬೆವರು ಎಂಬ ವಿರೋಧವೇ ಆ ಇಬ್ಬಗೆಯನ್ನು ಹಿಡಿದಿಡುತ್ತದೆ. ‘ಗದಾಯುದ್ಧದ ನಾಯಕ ಭೀಮನೋ ದುರ್ಯೋಧನನೋ’ ಎಂದು ಪಂಡಿತರು ವಾದ ಮಾಡುತ್ತ ಬಂದಿರುವುದಕ್ಕೆ ಕಾರಣ ಈ ಕಥನಕ್ರಮವೇ.

ಕತ್ತಿಯ ಕೆಳಗೆ ಒಂದು ಕಥೆ

ರನ್ನನ ಪಾತ್ರಗಳು ತಮಗೆ ತಾವೇ ನೆನಪು ಮಾಡಿಕೊಳ್ಳುತ್ತವೆ. ಕಥೆಯೊಳಗಿನ ಒಬ್ಬ ಇನ್ನೊಬ್ಬನನ್ನು ಎದುರು ಕೂರಿಸಿಕೊಂಡು ಕಥೆ ಹೇಳಿದರೆ ಆಗುವ ಪರಿಣಾಮ ಬೇರೆ. ಕಥೆಯೊಳಗೆ ಕಥೆ ಎಂಬ ಈ ತಂತ್ರ ‘ಪಂಚತಂತ್ರ’ದಿಂದ ಎಲ್ಲರಿಗೂ ಪರಿಚಿತ, ಕನ್ನಡಕ್ಕೆ ಅದನ್ನು ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹ ತಂದ. ಅರಬ್ಬರ ‘ಸಾವಿರದ ಒಂದು ರಾತ್ರಿಗಳು’ ನಿಂತಿರುವುದೂ ಇದರ ಮೇಲೆಯೇ.

ಇದರ ಬಲವನ್ನು ತಿಳಿಯಲು ಜನ್ನನ ‘ಯಶೋಧರ ಚರಿತೆ’ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1209ರಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ರಚಿತವಾದ ಈ ಪುಟ್ಟ ಕಾವ್ಯ ಮಾರಿಗುಡಿಯಲ್ಲಿ ಪ್ರಾರಂಭವಾಗುತ್ತದೆ. ರಾಜ ಮಾರಿದತ್ತ ನರಬಲಿ ಕೊಡಲು ಸಿದ್ಧನಾಗಿದ್ದಾನೆ. ಬಲಿಗೆಂದು ಹಿಡಿದು ತಂದಿರುವುದು ಅಭಯರುಚಿ, ಅಭಯಮತಿ ಎಂಬ ಎಳೆಯ ವಯಸ್ಸಿನ ಅಣ್ಣ ತಂಗಿಯರನ್ನು. ಸಾವಿನ ಎದುರು ನಗುಮುಖದಿಂದ ನಿಂತ ಹುಡುಗನನ್ನು ಕಂಡು ರಾಜನಿಗೆ ಅಚ್ಚರಿ. ನೀನು ಯಾರು ಎಂದು ಕೇಳುತ್ತಾನೆ. ಹುಡುಗ ತನ್ನ ಹಿಂದಿನ ಜನ್ಮಗಳ ಕಥೆ ಹೇಳತೊಡಗುತ್ತಾನೆ.

ಹಿಂದೊಂದು ಜನ್ಮದಲ್ಲಿ ಅವನು ಯಶೋಧರನೆಂಬ ರಾಜ. ಅವನ ರಾಣಿ ಅಮೃತಮತಿ ರಾತ್ರಿ ಕೇಳಿಬಂದ ಮಾವುತನೊಬ್ಬನ ಹಾಡಿಗೆ ಮನಸೋತಳು. ಅದನ್ನು ಕಂಡ ಯಶೋಧರ, ತಾಯಿಗೆ ಇದ್ದದ್ದನ್ನು ಹೇಳಲಾರದೆ ಕೆಟ್ಟ ಕನಸಿನ ನೆಪ ಹೇಳಿದ. ಕನಸಿನ ದೋಷ ಕಳೆಯಲು ಬಲಿ ಕೊಡು ಎಂದಳು ತಾಯಿ. ಜೀವ ಕೊಲ್ಲಲು ಒಪ್ಪದ ಮಗ, ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನು ಕಡಿದ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮ ಜನ್ಮಾಂತರಗಳಲ್ಲಿ ಕೊಲೆಯಾಗುತ್ತ ತೊಳಲಬೇಕಾಯಿತು. ಕೊನೆಗೆ ಅವರೇ ಈ ಅಣ್ಣ ತಂಗಿಯರಾಗಿ ಹುಟ್ಟಿದ್ದಾರೆ.

ಇದೇ ಕಥೆಯನ್ನು ಕವಿ ನೇರವಾಗಿ, ಯಶೋಧರನ ಹುಟ್ಟಿನಿಂದ ಹಿಡಿದು ಕ್ರಮವಾಗಿ ಹೇಳಿದ್ದರೆ ಏನಾಗುತ್ತಿತ್ತು? ಹಿಂಸೆ ಮಾಡಬಾರದು ಎಂಬ ಉಪದೇಶವಾಗುತ್ತಿತ್ತು, ಓದುಗ ಆಕಳಿಸುತ್ತಿದ್ದ. ಈಗ ಹಾಗಲ್ಲ. ಹಿಟ್ಟಿನ ಕೋಳಿಯನ್ನು ಕಡಿದದ್ದಕ್ಕೆ ಇಷ್ಟು ಪಾಡುಪಟ್ಟವನು, ಜೀವಂತ ಮಕ್ಕಳನ್ನು ಕಡಿಯಲು ಹೊರಟವನಿಗೆ ಅದನ್ನು ಹೇಳುತ್ತಿದ್ದಾನೆ. ಕಥೆ ತಟ್ಟದಿದ್ದರೆ ಕತ್ತಿ ಬೀಳುತ್ತದೆ. ಓದುಗ ಮಾರಿದತ್ತನ ಪಕ್ಕದಲ್ಲಿ ಕುಳಿತು ಕೇಳುತ್ತಾನೆ. ರಾಜನ ಕೈ ಸಡಿಲವಾಗುವಾಗ ತನ್ನ ಕೈಯನ್ನೂ ನೋಡಿಕೊಳ್ಳುತ್ತಾನೆ.

ಹಿಟ್ಟಿನ ಕೋಳಿಯಂಥ ವಸ್ತುವನ್ನು ವಿಮರ್ಶಕರು ಪ್ರತೀಕ ಎಂದು ಕರೆಯುತ್ತಾರೆ. ಅದರಲ್ಲಿ ರಕ್ತವಿಲ್ಲ, ಪ್ರಾಣವಿಲ್ಲ. ಆದರೆ ಕಡಿಯುವವನ ಮನಸ್ಸಿನಲ್ಲಿ ಕೊಲೆ ನಡೆದುಹೋಗಿದೆ. ಇಂಥ ದೊಡ್ಡ ವಿಚಾರವನ್ನು ಮಗುವಿನ ಕೈಗೂ ಸಿಗುವಷ್ಟು ಸಣ್ಣ ವಸ್ತುವಿನಲ್ಲಿ ಇಟ್ಟದ್ದರಿಂದಲೇ ಅದು ಬಾಳಿತು. ಏಳು ಶತಮಾನಗಳಿಗೂ ಹೆಚ್ಚು ಕಾಲವಾದ ಮೇಲೆ ಗಿರೀಶ ಕಾರ್ನಾಡರು ಅದನ್ನೇ ಹಿಡಿದು ‘ಹಿಟ್ಟಿನ ಹುಂಜ’ ನಾಟಕ ಬರೆದರು.

ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ

ಕುತೂಹಲ ಹುಟ್ಟಿಸಲು ವಿಷಯವನ್ನು ಮುಚ್ಚಿಡಬೇಕು ಎಂಬುದು ಸಾಮಾನ್ಯ ನಂಬಿಕೆ. ಪತ್ತೇದಾರಿ ಕಾದಂಬರಿಗಳೂ ‘ಮುಂದುವರಿಯುವುದು’ ಎಂದು ನಿಲ್ಲುವ ಧಾರಾವಾಹಿಗಳೂ ಹಾಗೆಯೇ ಮಾಡುತ್ತವೆ. ಇದಕ್ಕೆ ವಿರುದ್ಧವಾದ ದಾರಿಯೂ ಇದೆ. ಎಲ್ಲವನ್ನೂ ಪ್ರೇಕ್ಷಕರಿಗೆ ಮೊದಲೇ ತಿಳಿಸಿ, ಪಾತ್ರವನ್ನು ಮಾತ್ರ ಕತ್ತಲೆಯಲ್ಲಿ ಇಡುವುದು.

ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೂ ಇಲ್ಲ, ದೂರ್ವಾಸನ ಶಾಪವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಹೆಂಡತಿಯ ಗುರುತು ಇದೆ. ಲೋಕ ಏನೆಂದೀತು ಎಂದು ಅಂಜಿ ಗೊತ್ತಿಲ್ಲ ಎನ್ನುತ್ತಾನೆ. ಆಕಾಶವಾಣಿಯಾದ ಮೇಲೆ ಒಪ್ಪಿಕೊಳ್ಳುತ್ತಾನೆ. ಇಂಥವನನ್ನು ನಾಟಕದ ನಾಯಕನನ್ನಾಗಿ ಮಾಡುವುದು ಹೇಗೆ ಎಂಬುದು ಕಾಳಿದಾಸನ ತೊಡಕು. ಶಾಪ, ಉಂಗುರ ಎರಡನ್ನೂ ಅವನು ತಂದ. ದೊರೆಯ ತಪ್ಪು ಮರೆವಾಗಿ ಬದಲಾಯಿತು.

ಇದಕ್ಕಿಂತ ಸೂಕ್ಷ್ಮವಾದದ್ದು ಆ ಶಾಪವನ್ನು ಕವಿ ಯಾರ ಕಿವಿಗೆ ಹಾಕಿದ ಎಂಬುದು. ಗಂಡನ ಯೋಚನೆಯಲ್ಲಿ ಮುಳುಗಿದ ಶಕುಂತಲೆಗೆ ಅದು ಕೇಳಿಸುವುದೇ ಇಲ್ಲ. ಗೆಳತಿಯರಿಬ್ಬರು ಕೇಳುತ್ತಾರೆ, ಅವಳಿಗೆ ನೋವಾದೀತೆಂದು ಹೇಳದೆ ಉಳಿಯುತ್ತಾರೆ. ಪ್ರೇಕ್ಷಕರು ಕೇಳುತ್ತಾರೆ. ಮುಂದೆ ರಾಜಸಭೆಯಲ್ಲಿ ಶಕುಂತಲೆ ಉಂಗುರ ತೋರಿಸಲು ಬೆರಳನ್ನು ಮುಟ್ಟಿಕೊಂಡಾಗ ಇಡೀ ರಂಗಮಂದಿರಕ್ಕೆ ಏನು ನಡೆಯುತ್ತಿದೆ ಎಂದು ಗೊತ್ತು. ವೇದಿಕೆಯ ಮೇಲಿರುವ ಅವಳಿಗೂ ರಾಜನಿಗೂ ಗೊತ್ತಿಲ್ಲ. ಕೂಗಿ ಹೇಳೋಣವೆನ್ನಿಸುತ್ತದೆ, ಹೇಳುವಂತಿಲ್ಲ. ಇದಕ್ಕೆ ನಾಟಕೀಯ ವ್ಯಂಗ್ಯ ಎಂದು ಹೆಸರು.

ಇದೇ ಅಸ್ತ್ರದಿಂದ ನಗಿಸಲೂಬಹುದು. ಕನ್ನಡ ಸಣ್ಣಕಥೆಯ ಮೊದಲಿಗರಲ್ಲಿ ಒಬ್ಬರಾದ ಮಾಸ್ತಿಯವರ ‘ರಂಗನ ಮದುವೆ’ಯಲ್ಲಿ ಕಥೆ ಹೇಳುವಾತ ಓದುಗರೊಡನೆ ಜಗಲಿಯ ಮೇಲೆ ಕುಳಿತಂತೆ ಹರಟುತ್ತ, ಜೋಯಿಸರಿಗೆ ಏನು ಹೇಳಬೇಕೆಂದು ತಾನೇ ಪಾಠ ಹೇಳಿಕೊಟ್ಟದ್ದನ್ನು ನಮಗೆ ಬಿಟ್ಟುಕೊಡುತ್ತಾನೆ. ಆಮೇಲೆ ಜೋಯಿಸರು ಗಂಭೀರವಾಗಿ ಲೆಕ್ಕ ಹಾಕಿ ಹೇಳುವುದನ್ನು ರಂಗ ಬೆರಗಿನಿಂದ ಕೇಳುವಾಗ ಓದುಗರಿಗೆ ಒಳಗೊಳಗೇ ನಗು. ಕಾಳಿದಾಸನಲ್ಲಿ ಕಣ್ಣೀರು ತರಿಸಿದ್ದು, ಮಾಸ್ತಿಯವರಲ್ಲಿ ನಗು ತರಿಸಿದ್ದು ಒಂದೇ ತಂತ್ರ.

ಯಾರ ಕಣ್ಣಿನಿಂದ?

ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬುದನ್ನು ಮರೆತು ಓದುವುದು ವಿದ್ಯಾರ್ಥಿಗಳಲ್ಲಿ ಬಹು ಸಾಮಾನ್ಯ. ‘ನಾನು’ ಎಂದು ಬಂದ ಕೂಡಲೇ ಅದು ಲೇಖಕರೇ ಎಂದುಕೊಳ್ಳುತ್ತಾರೆ, ಹೇಳಿದ್ದೆಲ್ಲ ಸತ್ಯ ಎಂದೂ ನಂಬುತ್ತಾರೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ (1980) ಈ ಅಭ್ಯಾಸಕ್ಕೆ ಒಳ್ಳೆಯ ಮದ್ದು. ಮೂಡಿಗೆರೆಯ ಕಡೆಯ ಕೃಷಿಕನೊಬ್ಬ ಅದನ್ನು ಹೇಳುತ್ತಾನೆ. ಅವನ ಕಣ್ಣಿಗೆ ಮೊದಲು ಮಂದಣ್ಣ ಎಂಬ ಹಳ್ಳಿಯ ಹುಡುಗ ಕೆಲಸಕ್ಕೆ ಬಾರದ ಉಡಾಳ. ಓದುಗನೂ ಹಾಗೆಯೇ ನಂಬುತ್ತಾನೆ. ಬೇರೆ ಕಣ್ಣು ಅವನಿಗಿಲ್ಲವಲ್ಲ! ವಿಜ್ಞಾನಿ ಕರ್ವಾಲೊ ಮಾತ್ರ ಆ ಹುಡುಗನಲ್ಲಿ ಹುಟ್ಟು ಜೀವಿವಿಜ್ಞಾನಿಯೊಬ್ಬನನ್ನು ಕಾಣುತ್ತಾರೆ. ಪುಟ ತಿರುಗಿದಂತೆ ನಿರೂಪಕನ ಅಭಿಪ್ರಾಯ ಬದಲಾಗುತ್ತದೆ, ಅದರೊಡನೆ ಓದುಗನದೂ. ಎಲ್ಲವನ್ನೂ ಬಲ್ಲವರೊಬ್ಬರು ಮೊದಲ ಪುಟದಲ್ಲಿಯೇ ‘ಮಂದಣ್ಣ ಪ್ರತಿಭಾವಂತ’ ಎಂದು ಹೇಳಿದ್ದರೆ ಓದುಗ ಒಪ್ಪಿ ಮುಂದೆ ಹೋಗುತ್ತಿದ್ದ. ತಾನೇ ಒಮ್ಮೆ ತಪ್ಪು ತಿಳಿದು ತಿದ್ದಿಕೊಂಡದ್ದರಿಂದ ಆ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ. ಅಂಕಪಟ್ಟಿಯನ್ನು ನೋಡಿ ಮಕ್ಕಳನ್ನು ಅಳೆಯುವ ಹಿರಿಯರಿಗೂ ಅದರಲ್ಲಿ ಪಾಠವಿದೆ.

ಕೊನೆಯಲ್ಲಿ ಎಲ್ಲರೂ ಹುಡುಕಿಕೊಂಡು ಹೋದ ಹಾರುವ ಓತಿ ಕೈಗೆ ಸಿಗದೆ ಪ್ರಪಾತದ ಕಡೆಗೆ ತೇಲಿ ಮರೆಯಾಗುತ್ತದೆ. ‘ಹಿಡಿದರೋ ಇಲ್ಲವೋ’ ಎಂಬ ಕುತೂಹಲದಿಂದ ಓದಿದವನಿಗೆ ನಿರಾಸೆಯಾಗಬಹುದು. ಆದರೆ ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎಂಬುದೂ ಒಂದು ತಂತ್ರ.

ತೆಗೆದು ನೋಡುವ ಪರೀಕ್ಷೆ

ಇಷ್ಟೆಲ್ಲ ಪರೀಕ್ಷೆಯ ಹಾಲಿನಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ತಂದೆತಾಯಂದಿರು ಕೇಳಬಹುದು. ಖಂಡಿತ ಬರುತ್ತದೆ. ಸ್ವಾರಸ್ಯ ಬರೆಯಲು ತೋಚದಾಗ ಮಾಡಬೇಕಾದದ್ದು ಒಂದೇ: ಆ ತಂತ್ರವನ್ನು ಅಲ್ಲಿಂದ ತೆಗೆದು ನೋಡುವುದು. ದುಶ್ಶಾಸನನ ಪ್ರಸಂಗವನ್ನೇ ತೆಗೆದು ನೋಡಿ. ಬಾಲ್ಯದ ನೆನಪನ್ನು ತೆಗೆದು ‘ತಮ್ಮ ಸತ್ತದ್ದನ್ನು ಕಂಡು ದುರ್ಯೋಧನ ದುಃಖಪಟ್ಟ’ ಎಂದು ಬರೆದರೆ ಏನು ಕಡಿಮೆಯಾಯಿತು? ಹುಟ್ಟಿನಿಂದ ಅಣ್ಣನ ಹಿಂದೆ ಬಂದ ತಮ್ಮ ಸಾವಿನಲ್ಲಿ ಕ್ರಮ ತಪ್ಪಿಸಿದ ಎಂಬ ನೋವು ಮಾಯವಾಯಿತು. ಹಠಮಾರಿ ರಾಜನೊಳಗಿದ್ದ ಅಣ್ಣ ಮಾಯವಾದ. ಕಳೆದುಹೋದದ್ದನ್ನು ಎರಡು ವಾಕ್ಯಗಳಲ್ಲಿ ಬರೆದರೆ ಅದೇ ಸ್ವಾರಸ್ಯ. ಇದಕ್ಕೆ ಗೈಡು ಬೇಡ.

ಮನೆಯಲ್ಲಿ ಆಡಬಹುದಾದ ಒಂದು ಆಟವೂ ಇದೆ. ಪುಣ್ಯಕೋಟಿಯ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಅದನ್ನು ಹುಲಿಯ ಬಾಯಿಂದ ಹೇಳಿ ಎಂದು ಮಕ್ಕಳಿಗೆ ಹೇಳಿ ನೋಡಿ. ಹಸಿವಿನಿಂದ ಶುರುವಾಗುತ್ತದೆ. ಹಸು ವಾಪಸು ಬರುತ್ತದೆಯೇ ಇಲ್ಲವೇ ಎಂದು ಕಾಯುವ ಹೊತ್ತು ಉದ್ದವಾಗುತ್ತದೆ. ಕೊಟ್ಟಿಗೆಯಲ್ಲಿ ಕರುವಿನೊಡನೆ ಹಸು ಆಡುವ ಮಾತು ಹುಲಿಗೆ ಕೇಳಿಸದ ಕಾರಣ ಅದನ್ನು ಬಿಡಬೇಕಾಗುತ್ತದೆ. ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಹಾಗಾದರೆ ಹುಲಿ ತನ್ನ ಕಥೆಯನ್ನು ಎಲ್ಲಿ ನಿಲ್ಲಿಸಬೇಕು? ಈ ಪ್ರಶ್ನೆಯ ಮುಂದೆ ತಲೆ ಕೆರೆದುಕೊಳ್ಳುವ ಮಗು, ರನ್ನ ಜನ್ನರು ಕುಳಿತ ಜಾಗದಲ್ಲಿಯೇ ಕುಳಿತಿರುತ್ತದೆ.

ಪರೀಕ್ಷೆಯಾಚೆಗೂ ಈ ಅಭ್ಯಾಸಕ್ಕೆ ಬೆಲೆಯಿದೆ. ಸೋಪಿನ ಜಾಹೀರಾತು, ಚುನಾವಣೆಯ ಭಾಷಣ, ಮೊಬೈಲಿನಲ್ಲಿ ಬೆಳಗಾಗುವುದರೊಳಗೆ ಊರೆಲ್ಲ ಸುತ್ತುವ ಸುದ್ದಿ, ಇವೆಲ್ಲ ಕಥೆಗಳೇ. ರೂಪಕ, ತಡೆದಿಟ್ಟ ಮಾಹಿತಿ, ಆಯ್ದ ದೃಷ್ಟಿಕೋನ ಎಲ್ಲವೂ ಅಲ್ಲಿ ಕೆಲಸ ಮಾಡುತ್ತಿರುತ್ತವೆ. ಯಾರು ಹೇಳುತ್ತಿದ್ದಾರೆ, ಏನನ್ನು ಮುಚ್ಚಿಟ್ಟಿದ್ದಾರೆ, ಯಾರ ಜೊತೆ ನನ್ನನ್ನು ನಡೆಸುತ್ತಿದ್ದಾರೆ ಎಂದು ಕಾವ್ಯದಲ್ಲಿ ಕೇಳಲು ಕಲಿತ ಹುಡುಗಿಯನ್ನು ಸಂತೆಯಲ್ಲಿ ಮೋಸ ಮಾಡುವುದು ಸುಲಭವಲ್ಲ.

ಇದೆಲ್ಲ ಕೈಗೂಡಬೇಕಾದರೆ ಮೊದಲು ಮಕ್ಕಳ ಕಿವಿಗೆ ಕಥೆ ಬೀಳಬೇಕು. ವಿದ್ವಾಂಸ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದು ಇದನ್ನೇ ಹೇಳುತ್ತದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರು ಕಟ್ಟಿದ ಕಥೆ ಮತ್ತು ಹಾಡು, ಅವಳು ಮಲಗಿದ್ದಾಗ ಹೊರಗೆ ಬಿದ್ದು ಒಂದು ಜೊತೆ ಜೋಡು, ಒಂದು ಅಂಗಿಯಾಗಿ ಮನೆಯಲ್ಲಿ ಕುಳಿತವು. ಯಾರದು ಇವು ಎಂದು ಗಂಡನಿಗೆ ಅನುಮಾನ, ಮನೆಯಲ್ಲಿ ಜಗಳ. ಸಿಟ್ಟಾದ ಗಂಡ ರಾತ್ರಿ ಗುಡಿಗೆ ಹೋಗಿ ಮಲಗಿದ. ಊರಿನಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಅಲ್ಲಿ ಸೇರಿ ಹರಟುತ್ತಿದ್ದವು. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿತು. ಗುಡಿಯಲ್ಲಿ ಸೇರಿ ಹರಟುವ ಈ ಜ್ವಾಲೆಗಳನ್ನೇ ಕಾರ್ನಾಡರು ‘ನಾಗಮಂಡಲ’ ನಾಟಕದ ಆರಂಭದಲ್ಲಿ ರಂಗಕ್ಕೆ ತಂದರು.

ಬೆಳಗ್ಗೆ ಗಂಡ ಮನೆಗೆ ಬಂದು ಹೆಂಡತಿಯನ್ನು ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು.